ಡಿಸೈನರ್‌ಗೂ ಡೆವಲಪರ್‌ಗೂ ಒಗ್ಗುವ ಜಾವಾ ವೆಬ್ ಫ್ರೇಮ್‌ವರ್ಕ್ ಆರಿಸುವ ಬಗೆ

ಜಾವಾ ವೆಬ್ ಫ್ರೇಮ್‌ವರ್ಕ್‌ಗಳನ್ನು, ಅಂದರೆ ವೆಬ್‌ಸೈಟ್ ಕಟ್ಟಲು ಸಿದ್ಧವಾಗಿ ಸಿಗುವ ಚೌಕಟ್ಟುಗಳನ್ನು, ಹೋಲಿಸುವ ಪಟ್ಟಿಗಳಲ್ಲಿ ವೇಗ, ಮೆಮೊರಿ, ಸ್ಟಾರ್ಟ್ ಆಗಲು ಹಿಡಿಯುವ ಸಮಯ ಎಲ್ಲವೂ ಇರುತ್ತವೆ. ಡಿಸೈನರ್ ಇರುವ ತಂಡಕ್ಕೆ ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ. ಪುಟ ಒಮ್ಮೆ ಸಿದ್ಧವಾಗಿ, ಡೇಟಾಬೇಸ್‌ಗೆ ಜೋಡಣೆಯೂ ಆದ ಮೇಲೆ, ಅದರ ಒಂದು ಬಟನ್ನನ್ನು ಎಡದಿಂದ ಬಲಕ್ಕೆ ಸರಿಸಬೇಕು ಎಂದರೆ ಯಾರು, ಯಾವ ಫೈಲು ತೆರೆಯುತ್ತಾರೆ? ಡಿಸೈನರ್ ತಾವೇ ತೆರೆದು, ತಿದ್ದಿ, ಬ್ರೌಸರ್‌ನಲ್ಲಿ ನೋಡಿ ಕಮಿಟ್ ಮಾಡಲು (ತಂಡದ ಕೋಡ್ ಸಂಗ್ರಹಕ್ಕೆ ಸೇರಿಸಲು) ಆಗುವುದಾದರೆ ಆ ಫ್ರೇಮ್‌ವರ್ಕ್ ಇಬ್ಬರಿಗೂ ಒಗ್ಗುತ್ತದೆ. ಡಿಸೈನರ್ ಹೊಸ ಎಚ್‌ಟಿಎಂಎಲ್ ಕಳಿಸಿ, ಡೆವಲಪರ್ ಅದನ್ನು ಹಳೆಯದರ ಪಕ್ಕ ಇಟ್ಟುಕೊಂಡು, ವ್ಯತ್ಯಾಸ ಹುಡುಕಿ, ಕೈಯಾರೆ ಟೆಂಪ್ಲೇಟ್‌ಗೆ (ಸರ್ವರ್ ಡೇಟಾ ತುಂಬಿ ಪುಟ ಮಾಡುವ ಅಚ್ಚಿಗೆ) ಇಳಿಸುವಂತಿದ್ದರೆ ಮೊದಲ ತಿಂಗಳು ಹೇಗೋ ನಡೆಯುತ್ತದೆ. ಆಮೇಲೆ ಎರಡು ಪ್ರತಿಗಳೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಮೊದಲ ಸಲ ಪುಟ ಜೋಡಿಸುವುದು ಯಾವ ಫ್ರೇಮ್‌ವರ್ಕ್‌ನಲ್ಲೂ ಸಲೀಸು. ಪರೀಕ್ಷೆ ಮಾಡಬೇಕಾದ್ದು ಎರಡನೆಯ ತಿದ್ದುಪಡಿಯನ್ನು.

ಡಿಸೈನರ್ ಕೊಡುವುದೇನು?

ಫ್ರೇಮ್‌ವರ್ಕ್ ಹೆಸರು ಎತ್ತುವ ಮೊದಲು ಇದನ್ನು ಕೇಳಿ ಬರೆದಿಟ್ಟುಕೊಳ್ಳಿ. ಡಿಸೈನರ್ ಎಂಬ ಒಂದೇ ಹೆಸರಿನಡಿ ಮೂರು ಬಗೆಯ ಕೆಲಸಗಾರರಿದ್ದಾರೆ.

ಎಚ್‌ಟಿಎಂಎಲ್, ಸಿಎಸ್‌ಎಸ್ ತಾವೇ ಬರೆಯುವವರಿದ್ದರೆ, ಮಾರ್ಕಪ್ (ಪುಟದ ಎಚ್‌ಟಿಎಂಎಲ್ ಬರಹ) ಮಾರ್ಕಪ್ಪಾಗಿಯೇ ಉಳಿಯುವ ಫ್ರೇಮ್‌ವರ್ಕ್ ಬೇಕು. ಚಿತ್ರ ಮಾತ್ರ ಕೊಡುವವರಿದ್ದರೆ ಟೆಂಪ್ಲೇಟ್ ಹೇಗಿದ್ದರೂ ಅವರಿಗೆ ಲೆಕ್ಕಕ್ಕಿಲ್ಲ. ಆ ಚಿತ್ರವನ್ನು ಎಚ್‌ಟಿಎಂಎಲ್ ಮಾಡುವ ಡೆವಲಪರ್‌ನ ಅನುಕೂಲವೇ ಮುಖ್ಯ. ಬಣ್ಣ, ಅಕ್ಷರದ ಅಳತೆ, ಅಂತರ, ಬಟನ್ನಿನ ಬಗೆಗಳನ್ನು ಒಂದು ಡಿಸೈನ್ ಸಿಸ್ಟಂ ಆಗಿ ಕೊಡುವವರಿದ್ದರೆ ಕಾಂಪೊನೆಂಟ್ (ಬಟನ್, ಪಟ್ಟಿಯಂಥ ಬಿಡಿಭಾಗ) ಆಧಾರಿತ ಫ್ರೇಮ್‌ವರ್ಕ್‌ಗಳೂ ಆಯ್ಕೆಗೆ ಬರುತ್ತವೆ. ಈ ಪ್ರಶ್ನೆ ಕೇಳದೆ ಆರಿಸಿದ ತಂಡಗಳು ಸಾಮಾನ್ಯವಾಗಿ ಡೆವಲಪರ್‌ಗೆ ಇಷ್ಟವಾದದ್ದನ್ನು ಆರಿಸಿರುತ್ತವೆ.

ನಾಲ್ಕು ಕುಟುಂಬಗಳು

ಮೊದಲನೆಯದು, ಎಚ್‌ಟಿಎಂಎಲ್ ಫೈಲಿಗೆ ಗುಣಲಕ್ಷಣಗಳನ್ನು, ಅಂದರೆ ಆಟ್ರಿಬ್ಯೂಟ್‌ಗಳನ್ನೇ ಹೆಚ್ಚಾಗಿ ಸೇರಿಸುವ ಕುಟುಂಬ: ಥೈಮ್‌ಲೀಫ್, ಅಪಾಚೆ ವಿಕೆಟ್, ಟ್ಯಾಪೆಸ್ಟ್ರಿ. ಬ್ರೌಸರ್‌ಗೆ ಗೊತ್ತಿಲ್ಲದ ಆಟ್ರಿಬ್ಯೂಟ್ ಕಂಡರೆ ಅದು ಸುಮ್ಮನೆ ಬಿಟ್ಟುಬಿಡುತ್ತದೆ. ಹಾಗಾಗಿ ಥೈಮ್‌ಲೀಫ್ ಮತ್ತು ವಿಕೆಟ್ ಫೈಲುಗಳನ್ನು ಸರ್ವರ್ ಇಲ್ಲದೆ, ಡಬಲ್ ಕ್ಲಿಕ್ ಮಾಡಿಯೇ ತೆರೆದು ನೋಡಬಹುದು. ಟ್ಯಾಪೆಸ್ಟ್ರಿ 5ರ ಟಿಎಂಎಲ್ ಫೈಲು ಶುದ್ಧ ಎಕ್ಸ್‌ಎಂಎಲ್ (ಪ್ರತಿ ಟ್ಯಾಗೂ ಮುಚ್ಚಿರಬೇಕಾದ ಕಟ್ಟುನಿಟ್ಟಿನ ರೂಪ) ಆಗಿರಬೇಕು, ಆದ್ದರಿಂದ ಅಷ್ಟು ಸಲೀಸಲ್ಲ.

ಎರಡನೆಯದು, ತನ್ನದೇ ಟ್ಯಾಗ್ ಅಥವಾ ಡೈರೆಕ್ಟಿವ್ (ಟೆಂಪ್ಲೇಟ್‌ಗೆ ಕೊಡುವ ಸೂಚನೆ) ಬೆರೆಸುವ ಕುಟುಂಬ: ಜೆಎಸ್‌ಪಿ, ಫ್ರೀಮಾರ್ಕರ್, ಪೆಬಲ್, ಮಸ್ಟಾಷ್, ಜೆಟಿಇ, ಕ್ವಾರ್ಕಸ್ ಎಂಬ ಜಾವಾ ಫ್ರೇಮ್‌ವರ್ಕ್ ಜೊತೆ ಬರುವ ಕ್ಯೂಟ್, ಜಕಾರ್ತಾ ಫೇಸಸ್‌ನ ಫೇಸ್‌ಲೆಟ್ಸ್. ಇವನ್ನು ಸರ್ವರ್ ಓಡಿಸದೆ ನೋಡಲಾಗದು. ಜೆಟಿಇ ಟೆಂಪ್ಲೇಟನ್ನು ಕಂಪೈಲ್ ಮಾಡುತ್ತದೆ, ಕ್ಯೂಟ್ ಡೇಟಾದ ಟೈಪ್ (ಬಗೆ) ತಿಳಿಸಿದ ಟೆಂಪ್ಲೇಟ್‌ಗಳನ್ನು ಬಿಲ್ಡ್ (ಕೋಡನ್ನು ಆಪ್ ಆಗಿ ಜೋಡಿಸುವ) ಹಂತದಲ್ಲೇ ಪರಿಶೀಲಿಸುತ್ತದೆ. ತಪ್ಪು ಹೆಸರು ಬರೆದರೆ ಬಳಕೆದಾರರಿಗೆ ಕಾಣುವ ಮೊದಲೇ ಸಿಕ್ಕಿಬೀಳುತ್ತದೆ. ಡೆವಲಪರ್‌ಗೆ ಅದು ದೊಡ್ಡ ಲಾಭ.

ಮೂರನೆಯದು, ಪರದೆಯನ್ನು ಜಾವಾದಲ್ಲೇ ಕಟ್ಟುವ ವಾಡಿನ್. ನಾಲ್ಕನೆಯದು, ಜಾವಾ ಬರೀ ಜೆಸನ್ (ಪಠ್ಯರೂಪದ ಡೇಟಾ) ಕೊಟ್ಟು, ಪರದೆಯನ್ನು ರಿಯಾಕ್ಟ್ ಅಥವಾ ವ್ಯೂ ಎಂಬ ಜಾವಾಸ್ಕ್ರಿಪ್ಟ್ ಸಾಧನ ನೋಡಿಕೊಳ್ಳುವ ವ್ಯವಸ್ಥೆ. ಆ ದಾರಿ ಹಿಡಿದರೆ ಜಾವಾ ಫ್ರೇಮ್‌ವರ್ಕ್ ಯಾವುದು ಎನ್ನುವುದು ಡಿಸೈನರ್‌ಗೆ ಸಂಬಂಧಿಸಿದ ಪ್ರಶ್ನೆಯೇ ಅಲ್ಲ. ಆದರೆ ಎರಡು ಬಿಲ್ಡ್, ಎರಡು ಕಡೆ ವ್ಯಾಲಿಡೇಷನ್ (ತುಂಬಿದ ಮಾಹಿತಿಯ ಪರಿಶೀಲನೆ), ಜಾವಾಸ್ಕ್ರಿಪ್ಟ್ ಚೆನ್ನಾಗಿ ಬಲ್ಲ ಒಬ್ಬರು ಸದಾ ತಂಡದಲ್ಲಿ ಬೇಕು. ಮೊಬೈಲ್ ಆಪ್‌ಗೂ ಅದೇ ಎಪಿಐ (ಡೇಟಾ ಕೊಡುವ ದಾರಿ) ಬೇಕೆಂದಿದ್ದರೆ ಈ ಖರ್ಚು ಸಮರ್ಥನೀಯ. ಐದಾರು ಫಾರ್ಮ್, ನಾಲ್ಕು ಪಟ್ಟಿಗಳಿರುವ ಸೈಟಿಗೆ ಅಲ್ಲ.

ಥೈಮ್‌ಲೀಫ್: ಎಲ್ಲಿ ಸುಖ, ಎಲ್ಲಿ ತೊಡಕು

ಸ್ಪ್ರಿಂಗ್ ಬೂಟ್ ಎಂಬ ಜಾವಾ ಫ್ರೇಮ್‌ವರ್ಕ್ ಜೊತೆ ಹೆಚ್ಚು ಬಳಕೆಯಲ್ಲಿರುವುದು ಇದೇ. ಡಿಸೈನರ್ ಬರೆದ ಮಾದರಿ ಪಠ್ಯ ಟ್ಯಾಗಿನೊಳಗೆ ಹಾಗೇ ಇರುತ್ತದೆ; ಟಿಎಚ್:ಟೆಕ್ಸ್ಟ್ ಎಂಬ ಆಟ್ರಿಬ್ಯೂಟ್ ಸರ್ವರ್‌ನಲ್ಲಿ ಅದನ್ನು ನಿಜವಾದ ಮೌಲ್ಯದಿಂದ ಬದಲಿಸುತ್ತದೆ. ಟಿಎಚ್: ಎಂಬ ಮುನ್ನೊಟ್ಟು ಬೇಡವೆಂದರೆ ಡೇಟಾ-ಟಿಎಚ್-ಟೆಕ್ಸ್ಟ್ ಎಂದು ಬರೆದರೂ ನಡೆಯುತ್ತದೆ, ಆಗ ಎಚ್‌ಟಿಎಂಎಲ್ 5 ವ್ಯಾಲಿಡೇಟರ್ ಕೂಡ ತಕರಾರು ಮಾಡುವುದಿಲ್ಲ.

ಪಟ್ಟಿಯ ಪುಟದಲ್ಲಿ ಡಿಸೈನರ್ ಐದು ಮಾದರಿ ಸಾಲುಗಳನ್ನು ಇಟ್ಟಿರುತ್ತಾರೆ. ಅವನ್ನು ಅಳಿಸಬೇಡಿ. ಮೊದಲ ಸಾಲಿಗೆ ಟಿಎಚ್:ಈಚ್ ಹಾಕಿ, ಟಿಬಾಡಿ ಟ್ಯಾಗಿಗೆ ಟಿಎಚ್:ರಿಮೂವ್ ಆಟ್ರಿಬ್ಯೂಟ್ ಸೇರಿಸಿ ಮೌಲ್ಯವಾಗಿ ಆಲ್-ಬಟ್-ಫಸ್ಟ್ ಕೊಡಿ. ಸರ್ವರ್ ಮೊದಲ ಸಾಲನ್ನು ಮಾತ್ರ ಉಳಿಸಿಕೊಂಡು ಪುನರಾವರ್ತಿಸುತ್ತದೆ. ಬ್ರೌಸರ್‌ನಲ್ಲಿ ನೇರ ತೆರೆದವರಿಗೆ ಐದೂ ಸಾಲು ಕಾಣುತ್ತವೆ, ಒಂದು ಬಿಟ್ಟು ಒಂದು ಸಾಲಿನ ಬಣ್ಣ ಸರಿಯಿದೆಯೇ ಎಂದು ಅವರು ನೋಡಬಹುದು.

ಸಿಎಸ್‌ಎಸ್ ಕೊಂಡಿಯನ್ನು ಎರಡು ಸಲ ಬರೆಯಬೇಕು. ಟೆಂಪ್ಲೇಟ್‌ಗಳು ರಿಸೋರ್ಸಸ್ ಅಡಿಯ ಟೆಂಪ್ಲೇಟ್ಸ್ ಫೋಲ್ಡರ್‌ನಲ್ಲಿ, ಸಿಎಸ್‌ಎಸ್ ಪಕ್ಕದ ಸ್ಟ್ಯಾಟಿಕ್ ಫೋಲ್ಡರ್‌ನಲ್ಲಿ ಇರುತ್ತವೆ. ಸಾಮಾನ್ಯ ಎಚ್‌ರೆಫ್‌ನಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಿ ಸ್ಟ್ಯಾಟಿಕ್‌ಗೆ ಇಳಿಯುವ ಸಾಪೇಕ್ಷ ಹಾದಿ ಕೊಡಿ, ಟಿಎಚ್:ಎಚ್‌ರೆಫ್‌ನಲ್ಲಿ ಆಟ್ ಚಿಹ್ನೆಯೊಂದಿಗೆ ಪುಷ್ಪಾವರಣದೊಳಗೆ ಸರ್ವರ್ ಹಾದಿ ಕೊಡಿ. ಎರಡನೆಯದನ್ನು ಮರೆತು ಓರೆಗೆರೆಯಿಂದ ಆರಂಭವಾಗುವ ಹಾದಿಯನ್ನಷ್ಟೇ ಬರೆದರೆ, ಆಪ್ ಅನ್ನು ಬೇರೆ ಕಾಂಟೆಕ್ಸ್ಟ್ ಹಾದಿಯಲ್ಲಿ (ಆಪ್‌ನ ವಿಳಾಸದ ಆರಂಭದ ಭಾಗ) ಡಿಪ್ಲಾಯ್ ಮಾಡಿದ ದಿನ ಎಲ್ಲ ಪುಟಗಳೂ ಬಟ್ಟೆ ಕಳಚಿ ನಿಲ್ಲುತ್ತವೆ.

ಇನ್ನು ತೊಡಕುಗಳು. ಹೆಡರ್, ಫುಟರ್‌ಗಳನ್ನು ಫ್ರಾಗ್ಮೆಂಟ್ (ಹಲವು ಪುಟಗಳು ಹಂಚಿಕೊಳ್ಳುವ ತುಣುಕು) ಮಾಡಿದ ಕೂಡಲೇ ನೇರ ತೆರೆದ ಪುಟದಲ್ಲಿ ಅವು ಮಾಯ, ಏಕೆಂದರೆ ಜೋಡಿಸುವುದು ಸರ್ವರ್. ಫ್ರಾಗ್ಮೆಂಟ್ ಬರುವ ಜಾಗದಲ್ಲಿ ಡಿಸೈನರ್‌ಗಾಗಿ ಮಾದರಿ ಹೆಡರ್ ಇಟ್ಟು, ಅದರ ಮೇಲೆ ಟಿಎಚ್:ರಿಪ್ಲೇಸ್ ಹಾಕಬಹುದು; ಆದರೆ ಆ ಮಾದರಿ ಬೇಗ ಹಳತಾಗುತ್ತದೆ. ಟಿಎಚ್:ಇಫ್ ಎಂಬ ಷರತ್ತು ಇದ್ದಲ್ಲಿ ಎರಡೂ ಸ್ಥಿತಿಗಳು ಒಟ್ಟಿಗೆ ಕಾಣುತ್ತವೆ: ಪಟ್ಟಿಯೂ ಇದೆ, ಕೆಳಗೆ ‘ಏನೂ ಸಿಗಲಿಲ್ಲ’ ಎಂಬ ಸಂದೇಶವೂ ಇದೆ. ಫ್ರಾಗ್ಮೆಂಟ್‌ಗಳು ಹತ್ತಿಪ್ಪತ್ತು ದಾಟಿದ ಮೇಲೆ ಸರ್ವರ್ ಇಲ್ಲದ ನೋಟ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಆಗಲೂ ಫೈಲು ಎಚ್‌ಟಿಎಂಎಲ್ ಆಗಿ ಓದಿಸಿಕೊಳ್ಳುತ್ತದೆ, ಎಡಿಟರ್ ಬಣ್ಣ ಹಚ್ಚುತ್ತದೆ. ಆ ಲಾಭ ಉಳಿಯುತ್ತದೆ.

ಡಿಸೈನರ್‌ಗಳು ಪದೇ ಪದೇ ಎಡವುವ ಜಾಗ ಒಂದಿದೆ: ಟಿಎಚ್:ಟೆಕ್ಸ್ಟ್ ಇರುವ ಬಟನ್ನಿನೊಳಗೆ ಐಕಾನ್ ಸೇರಿಸುವುದು. ನೇರ ತೆರೆದಾಗ ಐಕಾನ್ ಚೆಂದವಾಗಿ ಕಾಣುತ್ತದೆ, ಸರ್ವರ್‌ನಲ್ಲಿ ಇಲ್ಲ. ಟಿಎಚ್:ಟೆಕ್ಸ್ಟ್ ಟ್ಯಾಗಿನ ಒಳಗಿರುವುದೆಲ್ಲವನ್ನೂ ತೆಗೆದುಹಾಕಿ ಪಠ್ಯ ತುಂಬುವುದೇ ಕಾರಣ. ಪಠ್ಯಕ್ಕೆ ಪ್ರತ್ಯೇಕ ಸ್ಪ್ಯಾನ್ ಮಾಡಿ ಆಟ್ರಿಬ್ಯೂಟನ್ನು ಅದಕ್ಕೆ ಸರಿಸಿದರೆ ಸರಿಹೋಗುತ್ತದೆ. ಟಿಎಚ್:ಯುಟೆಕ್ಸ್ಟ್ ಬಳಸಿ ಪರಿಹಾರ ಹುಡುಕಬೇಡಿ; ಅದು ಪಠ್ಯವನ್ನು ಎಸ್ಕೇಪ್ ಮಾಡದೆ (ಒಳಗಿನ ಟ್ಯಾಗ್‌ಗಳನ್ನು ನಿಷ್ಕ್ರಿಯ ಮಾಡದೆ) ಹಾಕುತ್ತದೆ, ಬಳಕೆದಾರ ಬರೆದ ಸ್ಕ್ರಿಪ್ಟ್ ಪುಟದೊಳಗೆ ಓಡಲು ಬಾಗಿಲು ತೆರೆದಂತೆ.

ಫಾರ್ಮ್‌ಗಳಲ್ಲಿ ಇನ್ನೂ ಸೂಕ್ಷ್ಮ. ಚೆಕ್‌ಬಾಕ್ಸ್‌ಗೆ ಟಿಎಚ್:ಫೀಲ್ಡ್ ಹಾಕಿದರೆ ಥೈಮ್‌ಲೀಫ್ ಅದರ ಬೆನ್ನಿಗೇ ಒಂದು ಗುಪ್ತ ಇನ್‌ಪುಟ್ ಸೇರಿಸುತ್ತದೆ. ಗುರುತು ತೆಗೆದ ಪೆಟ್ಟಿಗೆಯ ವಿಚಾರ ಬ್ರೌಸರ್ ಸರ್ವರ್‌ಗೆ ತಿಳಿಸುವುದೇ ಇಲ್ಲವಾದ್ದರಿಂದ ಅದು ಬೇಕು. ಆದರೆ ಡಿಸೈನರ್ ಸಿಎಸ್‌ಎಸ್‌ನಲ್ಲಿ ‘ಇನ್‌ಪುಟ್‌ಗೆ ಒತ್ತಿಕೊಂಡಿರುವ ಲೇಬಲ್’ ಎಂದು ಪ್ಲಸ್ ಚಿಹ್ನೆಯ ಸೆಲೆಕ್ಟರ್ ಬಳಸಿದ್ದರೆ, ನಡುವೆ ಗುಪ್ತ ಇನ್‌ಪುಟ್ ಬಂದು ಕೂತದ್ದರಿಂದ ಅಲಂಕಾರದ ಚೆಕ್‌ಬಾಕ್ಸ್ ಕೆಲಸ ಮಾಡುವುದಿಲ್ಲ. ಪ್ಲಸ್ ಬದಲು ಟಿಲ್ಡೆ ಚಿಹ್ನೆ ಬಳಸಿ, ಇಲ್ಲವೇ ಸ್ಪ್ರಿಂಗ್ ಬೂಟ್‌ನಲ್ಲಿ ಗುಪ್ತ ಇನ್‌ಪುಟ್ಟನ್ನು ಚೆಕ್‌ಬಾಕ್ಸ್‌ನ ಮೊದಲೇ ಬರೆಯುವ ಸೆಟ್ಟಿಂಗ್ ಇದೆ, ಅದನ್ನು ಟ್ರೂ ಮಾಡಿ. ಪೂರ್ವನಿಯೋಜಿತವಾಗಿ ಅದು ಫಾಲ್ಸ್. ಚೆಕ್‌ಬಾಕ್ಸ್, ರೇಡಿಯೊಗಳ ಐಡಿಗೆ ಕೊನೆಯಲ್ಲಿ 1, 2 ಎಂದು ಸಂಖ್ಯೆ ಸೇರುವುದೂ ಲೇಬಲ್‌ನ ಫಾರ್ ಕೊಂಡಿ ಕಳಚಲು ಕಾರಣ. ಲೇಬಲ್ ಒತ್ತಿದರೆ ಗುರುತು ಬೀಳುತ್ತಿಲ್ಲ ಎಂಬ ದೂರು ಬಂದರೆ ಮೊದಲು ಇಲ್ಲಿ ನೋಡಿ.

ಫಾರ್ಮ್ ಕಳಿಸಿದಾಗ 403 (ಅನುಮತಿಯಿಲ್ಲ ಎಂಬ ದೋಷ) ಬಂದರೆ ಡಿಸೈನರ್ ಬರೆದ ಸಾಮಾನ್ಯ ಆಕ್ಷನ್ ಆಟ್ರಿಬ್ಯೂಟ್ ಹಾಗೇ ಉಳಿದಿರುವ ಸಾಧ್ಯತೆ ಹೆಚ್ಚು. ಸ್ಪ್ರಿಂಗ್ ಸೆಕ್ಯುರಿಟಿಯ ಸಿಎಸ್‌ಆರ್‌ಎಫ್ ಟೋಕನ್ (ಬೇರೆ ಸೈಟಿನಿಂದ ನಕಲಿ ಫಾರ್ಮ್ ಬರದಂತೆ ತಡೆಯುವ ಗುರುತು) ತಾನಾಗಿ ಸೇರುವುದು ಟಿಎಚ್:ಆಕ್ಷನ್ ಇದ್ದರೆ ಮಾತ್ರ.

ವಿಕೆಟ್: ಶಿಸ್ತು ಹೆಚ್ಚು, ಬೆಲೆಯೂ ಹೆಚ್ಚು

ವಿಕೆಟ್‌ನಲ್ಲಿ ಎಚ್‌ಟಿಎಂಎಲ್‌ಗೆ ಸೇರುವುದು ಹೆಚ್ಚಾಗಿ ವಿಕೆಟ್:ಐಡಿ, ಜೊತೆಗೆ ಕೆಲವು ವಿಶೇಷ ಟ್ಯಾಗ್‌ಗಳು. ಲೂಪ್ ಇಲ್ಲ, ಷರತ್ತು ಇಲ್ಲ. ತರ್ಕವೆಲ್ಲ ಜಾವಾ ಕ್ಲಾಸಿನಲ್ಲಿ. ಡಿಸೈನರ್‌ಗೆ ಕಾಣುವ ಫೈಲು ಇಷ್ಟು ಸ್ವಚ್ಛವಾಗಿರುವ ಜಾವಾ ಫ್ರೇಮ್‌ವರ್ಕ್ ಸಿಗುವುದು ಕಷ್ಟ. ಮಾದರಿ ಸಾಲುಗಳನ್ನು ವಿಕೆಟ್:ರಿಮೂವ್ ಟ್ಯಾಗಿನೊಳಗೆ ಇಟ್ಟರೆ ನೇರ ತೆರೆದಾಗ ಕಾಣುತ್ತವೆ, ಸರ್ವರ್ ಅವನ್ನು ಕಿತ್ತುಹಾಕುತ್ತದೆ.

ಬೆಲೆ ತೆರುವುದು ಹೀಗೆ: ಮಾರ್ಕಪ್‌ನಲ್ಲಿ ಐಡಿಗಳು ಒಂದರೊಳಗೊಂದು ಹೇಗಿವೆಯೋ ಜಾವಾದಲ್ಲಿ ಕಾಂಪೊನೆಂಟ್‌ಗಳೂ ಒಂದರೊಳಗೊಂದು ಹಾಗೇ ಇರಬೇಕು. ಸಾಮಾನ್ಯ ಡಿವ್ ಎಷ್ಟು ಸುತ್ತಿದರೂ ತೊಂದರೆಯಿಲ್ಲ. ಆದರೆ ವಿಕೆಟ್:ಐಡಿ ಇರುವ ಬಟನ್ನನ್ನು ಅಂಥದ್ದೇ ಐಡಿ ಇರುವ ಇನ್ನೊಂದು ಪೆಟ್ಟಿಗೆಯೊಳಕ್ಕೆ ಸರಿಸಿದರೆ ಪುಟ ತೆರೆಯುವುದೇ ಇಲ್ಲ, ಎಕ್ಸೆಪ್ಷನ್ ಬರುತ್ತದೆ. ವಿಕೆಟ್ 7ರಿಂದ ಇರುವ ಕಾಂಪೊನೆಂಟ್ ಕ್ಯೂಯಿಂಗ್ ಇದಕ್ಕೆ ಮದ್ದು: ಆಡ್ ಬದಲು ಕ್ಯೂ ವಿಧಾನ ಕರೆದರೆ, ಯಾವುದು ಯಾವುದರೊಳಗೆ ಎಂಬುದನ್ನು ಮಾರ್ಕಪ್ ನೋಡಿ ವಿಕೆಟ್ಟೇ ತೀರ್ಮಾನಿಸುತ್ತದೆ. ಡಿಸೈನರ್ ಮಾರ್ಕಪ್ ಮುಟ್ಟುವ ತಂಡದಲ್ಲಿ ಮೊದಲ ದಿನದಿಂದಲೇ ಇದನ್ನು ರೂಢಿ ಮಾಡಿಕೊಳ್ಳಿ.

ಎಚ್‌ಟಿಎಂಎಲ್ ಫೈಲು ಜಾವಾ ಕ್ಲಾಸಿನ ಪಕ್ಕದಲ್ಲೇ, ಅದೇ ಪ್ಯಾಕೇಜಿನಲ್ಲಿ, ಅದೇ ಹೆಸರಿನಲ್ಲಿರುತ್ತದೆ. ಆದರೆ ಮೇವನ್ ಎಂಬ ಬಿಲ್ಡ್ ಸಾಧನ ಜಾವಾ ಸೋರ್ಸ್ ಫೋಲ್ಡರ್‌ನಿಂದ ಜಾವಾ ಅಲ್ಲದ ಫೈಲುಗಳನ್ನು ತಾನಾಗಿ ನಕಲಿಸುವುದಿಲ್ಲ. ಅದರ ಸೆಟ್ಟಿಂಗ್‌ಗಳಿರುವ ಪಾಮ್ ಫೈಲಿನಲ್ಲಿ ಆ ಫೋಲ್ಡರನ್ನು ರಿಸೋರ್ಸ್ ಎಂದು ಹೇಳಬೇಕು. ಹೇಳದಿದ್ದರೆ ಮಾರ್ಕಪ್ ಸಿಗಲಿಲ್ಲ ಎಂಬ ದೋಷ. ಅಜಾಕ್ಸ್‌ನಿಂದ (ಪುಟ ಪೂರ್ತಿ ಲೋಡ್ ಆಗದೆ ಒಂದು ಭಾಗ ಬದಲಿಸುವ ವಿಧಾನ) ಮರೆಮಾಡಿ ತೋರಿಸುವ ಭಾಗಗಳಿಗೆ ಪ್ಲೇಸ್‌ಹೋಲ್ಡರ್ ಟ್ಯಾಗ್ ಬರೆಯುವ ಸೆಟ್ಟಿಂಗ್ ಆನ್ ಮಾಡಬೇಕು, ಏಕೆಂದರೆ ಮರೆಯಾದ ಕಾಂಪೊನೆಂಟ್ ಪುಟದಲ್ಲಿ ಯಾವ ಗುರುತನ್ನೂ ಬಿಡುವುದಿಲ್ಲ, ಮತ್ತೆ ತೋರಿಸಲು ಜಾಗವೇ ಸಿಗದು. ಪುಟದ ಸ್ಥಿತಿ ಸರ್ವರ್‌ನಲ್ಲಿ ಉಳಿಯುವುದರಿಂದ, ಡೇಟಾಬೇಸ್ ವಸ್ತುಗಳನ್ನು ನೇರವಾಗಿ ಹಿಡಿದಿಡದೆ ಲೋಡಬಲ್ ಡಿಟ್ಯಾಚಬಲ್ ಮಾಡೆಲ್ (ಬೇಕಾದಾಗ ತಂದು, ಕೆಲಸ ಮುಗಿದ ಮೇಲೆ ಬಿಟ್ಟುಬಿಡುವ ವಿಕೆಟ್ ಕ್ಲಾಸ್) ಬಳಸುವುದು ಇಲ್ಲಿ ಕಡ್ಡಾಯವೆಂದೇ ತಿಳಿಯಿರಿ.

ಫೇಸಸ್, ವಾಡಿನ್, ಜೆಎಸ್‌ಪಿ

ಫೇಸ್‌ಲೆಟ್ಸ್ ಎಕ್ಸ್‌ಎಂಎಲ್ ಪಾರ್ಸರ್‌ನಿಂದ ಓದಿಸಿಕೊಳ್ಳುತ್ತದೆ. ಡಿಸೈನರ್ ಕೊಟ್ಟ ಎಚ್‌ಟಿಎಂಎಲ್ 5 ಅನ್ನು ಹಾಗೇ ಅಂಟಿಸಿದರೆ ಮುಚ್ಚದ ಬಿಆರ್ ಟ್ಯಾಗ್, ಮೌಲ್ಯವಿಲ್ಲದ ರಿಕ್ವೈರ್ಡ್ ಆಟ್ರಿಬ್ಯೂಟ್, ಎನ್‌ಬಿಎಸ್‌ಪಿ ಎಂಟಿಟಿ (ಸಾಲು ಮುರಿಯದ ಖಾಲಿ ಜಾಗದ ಸಂಕೇತ), ಸ್ಕ್ರಿಪ್ಟ್‌ನೊಳಗಿನ ಜೋಡಿ ಆಂಪರ್‌ಸ್ಯಾಂಡ್ ಎಲ್ಲವೂ ಪುಟವನ್ನು ಬೀಳಿಸುತ್ತವೆ. ಎನ್‌ಬಿಎಸ್‌ಪಿ ಬದಲು ಅದರ ಸಂಖ್ಯಾ ರೂಪ 160 ಬಳಸಬೇಕು. ಇನ್ನೊಂದು ಪೀಡೆ, ಐಡಿಗಳು: ಫಾರ್ಮಿನ ಐಡಿ, ಕೋಲನ್, ಫೀಲ್ಡಿನ ಐಡಿ ಸೇರಿ ಒಂದಾಗುತ್ತವೆ. ಸಿಎಸ್‌ಎಸ್‌ನಲ್ಲಿ ಕೋಲನ್‌ಗೆ ಬೇರೆ ಅರ್ಥವಿರುವುದರಿಂದ ಸೆಲೆಕ್ಟರ್ ಕೆಲಸ ಮಾಡುವುದಿಲ್ಲ. ಐಡಿ ಬಿಟ್ಟು ಕ್ಲಾಸ್‌ಗಳ ಮೇಲೆ ಶೈಲಿ ಬರೆಯಲು ಡಿಸೈನರ್‌ಗೆ ಮೊದಲೇ ಹೇಳಿ. 2013ರ ಜೆಎಸ್‌ಎಫ್ (ಫೇಸಸ್‌ನ ಹಳೆಯ ಹೆಸರು) 2.2ರಿಂದ ಸಾಮಾನ್ಯ ಎಚ್‌ಟಿಎಂಎಲ್ ಟ್ಯಾಗಿಗೇ ಫೇಸಸ್ ಆಟ್ರಿಬ್ಯೂಟ್ ಸೇರಿಸುವ ಸೌಲಭ್ಯವಿದೆ. ಹಳೆಯ ಫೇಸಸ್ ಪ್ರಾಜೆಕ್ಟನ್ನು ಕೈಬಿಡಲಾಗದವರು ಹೊಸ ಪುಟಗಳನ್ನಾದರೂ ಹೀಗೆ ಬರೆಯಬಹುದು.

ವಾಡಿನ್‌ನಲ್ಲಿ ಡಿಸೈನರ್ ತೆರೆಯಲು ಪುಟಕ್ಕೊಂದು ಎಚ್‌ಟಿಎಂಎಲ್ ಇರುವುದಿಲ್ಲ. ಬಣ್ಣ, ಅಂತರಗಳನ್ನು ಸಿಎಸ್‌ಎಸ್ ವೇರಿಯಬಲ್‌ಗಳಿಂದ ಬದಲಿಸಬಹುದು. ಆದರೆ ಕಾಂಪೊನೆಂಟ್‌ಗಳ ಒಳಭಾಗ ಶಾಡೋ ಡಾಮ್‌ನಲ್ಲಿ (ಹೊರಗಿನ ಸಿಎಸ್‌ಎಸ್‌ಗೆ ಮುಚ್ಚಿದ ಪುಟಭಾಗ) ಇರುವಲ್ಲೆಲ್ಲ ಹೊರಗಿನ ಸಾಮಾನ್ಯ ಸೆಲೆಕ್ಟರ್ ಒಳಗೆ ತಲುಪದು. ಪಾರ್ಟ್ ಎಂದು ಹೊರಗೆ ಬಿಟ್ಟುಕೊಟ್ಟ ಭಾಗಗಳನ್ನು ಮಾತ್ರ ಮುಟ್ಟಬಹುದು. ಕಚೇರಿಯೊಳಗಿನ ಡೇಟಾ ಎಂಟ್ರಿ ತಂತ್ರಾಂಶಕ್ಕೆ, ಅದರಲ್ಲೂ ಡಿಸೈನರ್ ಇಲ್ಲದ ತಂಡಕ್ಕೆ, ಇದು ಅತ್ಯುತ್ತಮ. ಪ್ರತಿ ಪುಟವೂ ಬೇರೆ ಬೇರೆ ರೂಪದಲ್ಲಿರಬೇಕೆನ್ನುವ ಸೈಟಿಗೆ ಒಗ್ಗದು.

ಜೆಎಸ್‌ಪಿಯಲ್ಲಿ ಹೊಸ ಕೆಲಸ ಆರಂಭಿಸಬೇಡಿ. ಸ್ಪ್ರಿಂಗ್ ಬೂಟ್‌ನ ಓಡಿಸಬಲ್ಲ ಜಾರ್ (ಜಾವಾ ಪ್ಯಾಕೇಜ್ ಫೈಲು) ಒಳಗೆ ಅದಕ್ಕೆ ಬೆಂಬಲವಿಲ್ಲ, ವಾರ್ ಎಂಬ ಇನ್ನೊಂದು ಬಗೆಯ ಪ್ಯಾಕೇಜ್ ಮಾಡಬೇಕು.

ಎರಡು ದಿನದ ಪರೀಕ್ಷೆ

ಆಯ್ಕೆ ಎರಡಕ್ಕೆ ಇಳಿದ ಮೇಲೆ ಚರ್ಚೆ ನಿಲ್ಲಿಸಿ, ಎರಡರಲ್ಲೂ ಮೂರು ಪರದೆ ಕಟ್ಟಿ. ಒಂದಕ್ಕೆ ಡೆವಲಪರ್‌ನ ಒಂದು ದಿನ ಸಾಕು.

ಮೊದಲ ಪರದೆ ಪಟ್ಟಿ: ಸೊನ್ನೆ ಸಾಲು, ಒಂದು ಸಾಲು, 40 ಸಾಲು, ಜೊತೆಗೆ ಕಾಲಂ ಮೀರುವಷ್ಟು ಉದ್ದದ ಒಂದು ಹೆಸರು. ಎರಡನೆಯದು ಫಾರ್ಮ್: ಪಠ್ಯ, ದಿನಾಂಕ, ರೇಡಿಯೊ, ಚೆಕ್‌ಬಾಕ್ಸ್ ಗುಂಪು, ಡ್ರಾಪ್‌ಡೌನ್ ಇರಲಿ, ಸರ್ವರ್ ಕೊಡುವ ತಪ್ಪು ಸಂದೇಶಗಳು ಪ್ರತಿ ಫೀಲ್ಡಿನ ಕೆಳಗೆ ಬರಲಿ. ಫ್ರೇಮ್‌ವರ್ಕ್‌ಗಳ ಬಣ್ಣ ಬಯಲಾಗುವುದು ಈ ಪರದೆಯಲ್ಲೇ. ಮೂರನೆಯದರಲ್ಲಿ ಒಂದೇ ತುಣುಕನ್ನು ಎರಡು ಕಡೆ ಬಳಸಿ, ಪುಟ ಪೂರ್ತಿ ಲೋಡ್ ಆಗದೆ ಅದೊಂದೇ ಹೊಸದಾಗುವಂತೆ ಮಾಡಿ. ಥೈಮ್‌ಲೀಫ್ ಆದರೆ ಕಂಟ್ರೋಲರ್ (ಕೋರಿಕೆಗೆ ಉತ್ತರಿಸುವ ಜಾವಾ ಕ್ಲಾಸ್) ಫ್ರಾಗ್ಮೆಂಟ್ ಒಂದನ್ನೇ ಹಿಂದಿರುಗಿಸಿ ಎಚ್‌ಟಿಎಂಎಕ್ಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಅದನ್ನು ಜಾಗದಲ್ಲಿ ಕೂರಿಸಬಹುದು. ವಿಕೆಟ್‌ನಲ್ಲಿ ಅಜಾಕ್ಸ್ ಒಳಗೇ ಇದೆ.

ಆಮೇಲೆ ಡಿಸೈನರ್‌ಗೆ ರೆಪೊಸಿಟರಿ (ಕೋಡ್ ಸಂಗ್ರಹ) ಕೊಟ್ಟು, ಡೆವಲಪರ್ ಬಾಯಿ ಬಿಡದಂತೆ ಎರಡು ಗಂಟೆ ಕಾಲ ಈ ತಿದ್ದುಪಡಿಗಳನ್ನು ಮಾಡಲು ಹೇಳಿ: ಪಟ್ಟಿಯ ಎರಡು ಕಾಲಂ ಅದಲುಬದಲು, ಫಾರ್ಮಿನ ಮೂರು ಫೀಲ್ಡ್‌ಗಳನ್ನು ಒಂದು ಹೊಸ ಪೆಟ್ಟಿಗೆಯೊಳಗೆ ಸೇರಿಸುವುದು, ಬಟನ್ನಿಗೆ ಐಕಾನ್, ತಪ್ಪು ಸಂದೇಶವನ್ನು ಫೀಲ್ಡಿನ ಮೇಲಕ್ಕೆ ತರುವುದು, ಖಾಲಿ ಪಟ್ಟಿಗೆ ಒಂದು ಚಿತ್ರ. ಗುರುತು ಹಾಕಬೇಕಾದ್ದು ಇಷ್ಟೇ: ಯಾವ ತಿದ್ದುಪಡಿಗೆ ಜಾವಾ ಫೈಲು ಮುಟ್ಟಬೇಕಾಯಿತು, ತಪ್ಪಾದಾಗ ಬಂದ ಸಂದೇಶದಲ್ಲಿ ಫೈಲಿನ ಹೆಸರು, ಸಾಲಿನ ಸಂಖ್ಯೆ ಇತ್ತೇ, ಡಿಸೈನರ್‌ಗೆ ಅದು ಅರ್ಥವಾಯಿತೇ. ಐದರಲ್ಲಿ ಎರಡಕ್ಕಿಂತ ಹೆಚ್ಚು ತಿದ್ದುಪಡಿಗೆ ಡೆವಲಪರ್ ಬೇಕಾದರೆ ಆ ಫ್ರೇಮ್‌ವರ್ಕ್ ಈ ಜೋಡಿಗಲ್ಲ.

ಡಿಸೈನರ್‌ನ ಕಂಪ್ಯೂಟರ್‌ನಲ್ಲಿ

ಎಷ್ಟೋ ಸಲ ಬೈಗುಳ ತಿನ್ನುವುದು ಫ್ರೇಮ್‌ವರ್ಕ್, ತಪ್ಪಿರುವುದು ಡೆವಲಪ್‌ಮೆಂಟ್ ಸೆಟಪ್‌ನಲ್ಲಿ. ಒಂದೇ ಕಮಾಂಡಿಗೆ ಆಪ್ ಓಡಬೇಕು, ಲಾಗಿನ್ ಕೇಳಬಾರದು, ಮಾದರಿ ಡೇಟಾ ತುಂಬಿರಬೇಕು. ಇದಕ್ಕಾಗಿ ಪ್ರತ್ಯೇಕ ಪ್ರೊಫೈಲ್ (ಸೆಟ್ಟಿಂಗ್‌ಗಳ ಗುಂಪು) ಮಾಡಿ. ಥೈಮ್‌ಲೀಫ್ ಕ್ಯಾಷ್ ಪೂರ್ವನಿಯೋಜಿತವಾಗಿ ಆನ್ ಇರುತ್ತದೆ. ಸ್ಪ್ರಿಂಗ್ ಬೂಟ್‌ನ ಡೆವ್‌ಟೂಲ್ಸ್ ಸೇರಿಸಿದರೆ ಡೆವಲಪ್‌ಮೆಂಟ್‌ನಲ್ಲಿ ಅದು ಆಫ್ ಆಗುತ್ತದೆ. ಆದರೂ ತಿದ್ದಿದ್ದು ಕಾಣುತ್ತಿಲ್ಲವೆಂದರೆ, ಸರ್ವರ್ ಓದುತ್ತಿರುವುದು ಟಾರ್ಗೆಟ್ ಫೋಲ್ಡರ್‌ನಲ್ಲಿರುವ ನಕಲನ್ನು. ಸ್ಪ್ರಿಂಗ್ ಬೂಟ್‌ನ ಮೇವನ್ ಪ್ಲಗಿನ್‌ನ ಆಡ್ ರಿಸೋರ್ಸಸ್ ಆಯ್ಕೆಯನ್ನು ಟ್ರೂ ಮಾಡಿದರೆ ಮೂಲ ಫೋಲ್ಡರ್‌ನಿಂದಲೇ ಓದುತ್ತದೆ. ವಿಕೆಟ್ ಡೆವಲಪ್‌ಮೆಂಟ್ ಮೋಡ್‌ನಲ್ಲಿ ಮಾರ್ಕಪ್ ಬದಲಾವಣೆಯನ್ನು ಸೆಕೆಂಡಿಗೊಮ್ಮೆ ತಾನೇ ಗಮನಿಸುತ್ತದೆ, ಕ್ವಾರ್ಕಸ್ ಡೆವ್ ಮೋಡ್‌ನಲ್ಲಿ ರಿಫ್ರೆಶ್ ಸಾಕು.

ಟೈಲ್‌ವಿಂಡ್ ಎಂಬ ಸಿಎಸ್‌ಎಸ್ ಸಾಧನ ಬಳಸುವವರಿಗೆ ಒಂದು ಎಚ್ಚರಿಕೆ. ಅದು ಫೈಲುಗಳಲ್ಲಿ ಪೂರ್ತಿ ಬರೆದ ಕ್ಲಾಸ್ ಹೆಸರುಗಳನ್ನು ಹುಡುಕಿ ಅಷ್ಟಕ್ಕೇ ಸಿಎಸ್‌ಎಸ್ ಹುಟ್ಟಿಸುತ್ತದೆ. ಬಣ್ಣದ ಹೆಸರನ್ನು ಜಾವಾದಿಂದ ತಂದು ಟೆಂಪ್ಲೇಟ್‌ನಲ್ಲಿ ಅಂಟಿಸಿ ಕ್ಲಾಸ್ ಮಾಡಿದರೆ ಆ ಶೈಲಿ ಹುಟ್ಟುವುದೇ ಇಲ್ಲ. ಪೂರ್ತಿ ಹೆಸರುಗಳನ್ನೇ ಬರೆದು ಅವುಗಳಲ್ಲಿ ಒಂದನ್ನು ಆರಿಸಿ.

ಆವೃತ್ತಿಗಳ ಲೆಕ್ಕ

ಸ್ಪ್ರಿಂಗ್ ಬೂಟ್ 3 ಮತ್ತು ವಿಕೆಟ್ 10 ಎರಡಕ್ಕೂ ಕನಿಷ್ಠ ಜಾವಾ 17 ಬೇಕು, ಎರಡೂ ಜಾವಾಎಕ್ಸ್ ಎಂಬ ಹಳೆಯ ಪ್ಯಾಕೇಜ್ ಹೆಸರು ಬಿಟ್ಟು ಜಕಾರ್ತಾ ಪ್ಯಾಕೇಜ್‌ಗಳಿಗೆ ಬಂದಿವೆ. ಹಳೆಯ ಸರ್ವ್ಲೆಟ್ ಪ್ಯಾಕೇಜ್ ಹೆಸರು ನಂಬಿದ ಲೈಬ್ರರಿ ಇವುಗಳ ಜೊತೆ ಓಡುವುದಿಲ್ಲ. ನಿಮಗೆ ಬೇಕಾದ ರಿಪೋರ್ಟ್, ಲಾಗಿನ್, ಫೈಲ್ ಅಪ್‌ಲೋಡ್ ಲೈಬ್ರರಿಗಳ ಪಟ್ಟಿ ಮಾಡಿ ಮೊದಲೇ ನೋಡಿಕೊಳ್ಳಿ. ಥೈಮ್‌ಲೀಫ್ 3.1ರಲ್ಲಿ ರಿಕ್ವೆಸ್ಟ್, ಸೆಷನ್ ವಸ್ತುಗಳನ್ನು ಟೆಂಪ್ಲೇಟ್‌ನಿಂದ ನೇರ ಮುಟ್ಟುವ ದಾರಿ ತೆಗೆದಿದ್ದಾರೆ, ಹಾಗಾಗಿ ಹಳೆಯ ಪಾಠಗಳಲ್ಲಿನ ಉದಾಹರಣೆಗಳು ಮುರಿಯುತ್ತವೆ.

ಇದೇ ಗುಂಪಿನಲ್ಲಿ ನಿಜಕ್ಕೂ ಅಪಾಯಕಾರಿಯಾದದ್ದು ಒಂದಿದೆ. ಅಡ್ಮಿನ್‌ಗೆ ಮಾತ್ರ ಕಾಣಬೇಕಾದ ಬಟನ್ನಿಗೆ ಎಸ್‌ಇಸಿ:ಆಥರೈಸ್ ಆಟ್ರಿಬ್ಯೂಟ್ ಹಾಕಿರುತ್ತೀರಿ. ಅದಕ್ಕೆ ಬೇಕಾದ ಥೈಮ್‌ಲೀಫ್ ಸೆಕ್ಯುರಿಟಿ ಎಕ್ಸ್‌ಟ್ರಾಸ್ ಜಾರ್ ಇಲ್ಲದಿದ್ದರೆ ಯಾವ ದೋಷವೂ ಬರುವುದಿಲ್ಲ. ಗೊತ್ತಿಲ್ಲದ ಆಟ್ರಿಬ್ಯೂಟ್ ಎಂದು ಹಾಗೇ ಹೊರಗೆ ಬಿಟ್ಟು, ಬಟನ್ನನ್ನು ಎಲ್ಲರಿಗೂ ತೋರಿಸುತ್ತದೆ. ಪುಟದ ಸೋರ್ಸ್ ತೆರೆದು ಎಸ್‌ಇಸಿ: ಎಂದು ಹುಡುಕಿ. ಸಿಕ್ಕರೆ ಸ್ಪ್ರಿಂಗ್ ಸೆಕ್ಯುರಿಟಿ 6ಕ್ಕೆ ಹೊಂದುವ ಜಾರ್ ಸೇರಿಸಿ, ಆ ಬಟನ್ನಿನ ಹಿಂದಿರುವ ಕಂಟ್ರೋಲರ್ ವಿಧಾನಕ್ಕೂ ಪ್ರತ್ಯೇಕ ಅನುಮತಿ ತಪಾಸಣೆ ಹಾಕಿ.